ಕೇಳುಗನೆಂಬ ವಿಚಾರಕ : ಪ್ರೊಗ್ರೆಸಿವ್ ಮೆಟಲ್ ಕಥಾ ಆಲ್ಬಮ್‌ಗಳ ಆಕರ್ಷಣೆಯನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕರ್ತೃಗಳ, ಕೃತಿಗಳ, ಸಂಪ್ರದಾಯಗಳ ಇತಿಹಾಸವನ್ನು ಬರೆಯುತ್ತಾರೆ. ಕೇಳುವವನ ಇತಿಹಾಸವನ್ನು ಬರೆಯುವವರು ವಿರಳ. ಒಂದು ಕೃತಿ ಹೇಗೆ ಹುಟ್ಟಿತೆಂಬುದು ಇತಿಹಾಸಕಾರನ ಪ್ರಶ್ನೆಯಾದಂತೆಯೇ, ಜನ ಅದನ್ನು ಏಕೆ ಬಯಸಿದರೆಂಬುದೂ ಅವನ ಪ್ರಶ್ನೆಯೇ ಆಗಿದೆ. ಪ್ರಕೃತ ಲೇಖನದಲ್ಲಿ ಈ ಎರಡನೆಯ ಪ್ರಶ್ನೆಯನ್ನು, ವಿದ್ವಜ್ಜನರು ಹೆಚ್ಚಾಗಿ ಗಮನಿಸದ ಒಂದು ಸಂಗೀತಪ್ರಕಾರವನ್ನು ಕುರಿತು ಕೇಳಲು ಹೊರಟಿದ್ದೇವೆ. ಪಾಶ್ಚಾತ್ಯ ಸಂಗೀತದಲ್ಲಿ 'ಪ್ರೊಗ್ರೆಸಿವ್ ಮೆಟಲ್' ಎಂದು ಹೆಸರಾದ ಪ್ರಕಾರವೇ ಅದು. ಅದರಲ್ಲಿಯೂ ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆಯನ್ನು ನಿರೂಪಿಸುವ 'ಕಾನ್ಸೆಪ್ಟ್ ಆಲ್ಬಮ್'ಗಳು ನಮ್ಮ ವಸ್ತು. ಇವನ್ನು ಇಲ್ಲಿ ಕಥಾ ಆಲ್ಬಮ್‌ಗಳೆಂದು ಕರೆಯೋಣ.

ಈ ವಿಷಯದತ್ತ ನಮ್ಮ ಗಮನ ಹರಿದುದು ತರಗತಿಯ ಅನುಭವದಿಂದ. ಒಂದು ಶಾಸನದ ಪಾಠವನ್ನೋ ಬ್ರಿಟಿಷರ ಕಾಲದ ವರದಿಯನ್ನೋ ಮುಂದಿಟ್ಟು, 'ಇದನ್ನು ಹೇಳುತ್ತಿರುವವನು ಯಾರು? ಅವನಿಗೆ ಇದು ಹೇಗೆ ತಿಳಿಯಿತು? ಹೀಗೆ ಹೇಳುವುದರಿಂದ ಅವನಿಗೇನು ಪ್ರಯೋಜನ?' ಎಂದು ಕೇಳಿದಾಗ ಮೌನವಾಗಿ ಕುಳಿತುಬಿಡುವ ವಿದ್ಯಾರ್ಥಿಗಳು ಕೆಲವರಿದ್ದಾರೆ. ಅವರೇ, ಎಪ್ಪತ್ತೇಳು ನಿಮಿಷಗಳ ಒಂದು ಆಲ್ಬಮಿನಲ್ಲಿ ಬರುವ ಕಲ್ಪಿತ ಪತ್ರಿಕಾ ವರದಿಯೊಂದು ನಿಜವೋ ಸುಳ್ಳೋ ಎಂದು ಹಜಾರದಲ್ಲಿ ನಿಂತು ಗಂಟೆಗಟ್ಟಲೆ ವಾದಿಸುವುದನ್ನು ನಾವು ಕಂಡಿದ್ದೇವೆ. ಈ ವೈಚಿತ್ರ್ಯಕ್ಕೆ ಕಾರಣವೇನು? ಅಬ್ಬರವೆಂದೂ ಬೆರಳುಗಳ ಚಮತ್ಕಾರವೆಂದೂ ಹಲವರು ತಳ್ಳಿಹಾಕುವ ಈ ಸಂಗೀತದಲ್ಲಿ ಅವರನ್ನು ಹಿಡಿದು ನಿಲ್ಲಿಸುವ ವಸ್ತು ಯಾವುದು?

೨

ಮೊದಲು ಈ ರೂಪದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡುವುದು ಯುಕ್ತ. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷಗಳಿಗಿಂತ ಹೆಚ್ಚು ಸಂಗೀತ ಹಿಡಿಸುತ್ತಿರಲಿಲ್ಲ. ದೀರ್ಘಕೃತಿಯೊಂದನ್ನು ಮುದ್ರಿಸಬೇಕಾದರೆ ಹಲವು ತಟ್ಟೆಗಳು ಬೇಕಾಗುತ್ತಿದ್ದುವು. ಅವನ್ನು ಪುಸ್ತಕದಂತೆ ಹೊಲಿದ ಚೀಲಗಳಲ್ಲಿ ಇಟ್ಟು ಮಾರುತ್ತಿದ್ದುದರಿಂದಲೇ 'ಆಲ್ಬಮ್' ಎಂಬ ಹೆಸರು ಬಂದಿತು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ೩೩ ಚಿಲ್ಲರೆ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದ ಮೇಲೆ, ಒಂದೊಂದು ಮುಖಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಅವಕಾಶ ದೊರೆಯಿತು. ಕಥೆಗೆ ಬೇಕಾದ ಕಾಲಾವಧಿಯನ್ನು ಒದಗಿಸಿದುದು ಹೀಗೆ ಕವಿಯಲ್ಲ, ಯಂತ್ರಶಿಲ್ಪಿ.

ಈ ಅವಕಾಶವನ್ನು ರಾಕ್ ಸಂಗೀತಗಾರರು ಕಥನಕ್ಕೆ ಬಳಸಿಕೊಂಡುದು ೧೯೬೦ರ ದಶಕದ ಉತ್ತರಾರ್ಧದಲ್ಲಿ. ಇಂಗ್ಲೆಂಡಿನ 'ದಿ ಪ್ರೆಟಿ ಥಿಂಗ್ಸ್' ತಂಡ ೧೯೬೮ರಲ್ಲಿ 'ಎಸ್. ಎಫ್. ಸಾರೋ' ಎಂಬ ಆಲ್ಬಮಿನಲ್ಲಿ ಒಬ್ಬ ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಬಾಳನ್ನು ನಿರೂಪಿಸಿತು. ೧೯೬೯ರಲ್ಲಿ 'ದಿ ಹೂ' ತಂಡದ 'ಟಾಮಿ' ಹೊರಬಂದಿತು. ೧೯೭೬ರಲ್ಲಿ ಕೆನಡಾದ 'ರಶ್' ತಂಡ '೨೧೧೨' ಎಂಬ ಆಲ್ಬಮಿನ ಒಂದು ಇಡೀ ಮುಖವನ್ನು ಒಂದೇ ಕಥೆಗೆ ಮೀಸಲಿಟ್ಟಿತು. ಅದರ ಹಿಂದಿನ ವರ್ಷದ ಆಲ್ಬಮಿಗೆ ಮಾರಾಟವಿರಲಿಲ್ಲ. ಚಿಕ್ಕ ಹಾಡುಗಳನ್ನೇ ಬರೆಯಬೇಕೆಂಬ ಒತ್ತಾಯವಿತ್ತು. ತಂಡ ಅದಕ್ಕೆ ಮಣಿಯಲಿಲ್ಲ. ಆ ಆಲ್ಬಮ್ ಪಡೆದ ಯಶಸ್ಸು, ಗಡಸು ಗಿಟಾರಿನ ನಾದವೂ ದೀರ್ಘಕಥನವೂ ಒಂದೆಡೆ ಬಾಳಬಲ್ಲವೆಂಬುದಕ್ಕೆ ನಿದರ್ಶನವಾಯಿತು. ೧೯೭೦ರ ದಶಕದ ಕೊನೆಗೆ ಪಂಕ್ ಸಂಗೀತದ ಅಲೆಯಲ್ಲಿ ದೀರ್ಘಕೃತಿಗಳು ಹಾಸ್ಯಾಸ್ಪದವೆನಿಸಿದಾಗ, ಆ ಪರಂಪರೆಗೆ ಆಶ್ರಯ ನೀಡಿದವರಲ್ಲಿ ಮೆಟಲ್ ಸಂಗೀತಗಾರರು ಮುಖ್ಯರು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು ಎಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಸಂಗೀತವನ್ನು ನಡುವೆ ಮಗುಚದೆ ನುಡಿಸಬಲ್ಲುದಾಗಿತ್ತು. ಹಳೆಯ ರೂಪಕ್ಕೆ ಹೊಸ ಮನೆ ದೊರೆತಂತಾಯಿತು.

ಆದರೆ ಅವಕಾಶವಿದ್ದ ಮಾತ್ರಕ್ಕೆ ಆಕರ್ಷಣೆ ಹುಟ್ಟುವುದಿಲ್ಲ. ಎಪ್ಪತ್ತು ನಿಮಿಷ ಹಾಡಬಹುದೆಂಬುದರಿಂದ ಎಪ್ಪತ್ತು ನಿಮಿಷ ಕೇಳುವವರು ಇರುತ್ತಾರೆಂದು ಸಿದ್ಧವಾಗದು. ಆದುದರಿಂದ ಕೃತಿಗಳನ್ನೇ ಸಮೀಪದಿಂದ ನೋಡಬೇಕಾಗಿದೆ.

೩

ಮೊದಲನೆಯದಾಗಿ, ೧೯೮೮ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 'ಕ್ವೀನ್ಸ್‌ರೈಕ್' ತಂಡ ಹೊರತಂದ 'ಆಪರೇಷನ್ : ಮೈಂಡ್‌ಕ್ರೈಮ್'. ರೇಗನ್ ಅಧ್ಯಕ್ಷರಾಗಿದ್ದ ಕಾಲದ ಕೊನೆಯ ವರ್ಷಗಳ ಅಮೆರಿಕವೇ ಇದರ ಹಿನ್ನೆಲೆ. ಮಾದಕವಸ್ತುವಿನ ದಾಸನಾದ ನಿಕ್ಕಿ ಎಂಬ ತರುಣ ಸಮಾಜದ ಅನ್ಯಾಯವನ್ನು ಕಂಡು ರೋಸಿದ್ದಾನೆ. 'ಡಾಕ್ಟರ್ ಎಕ್ಸ್' ಎಂಬ ನಾಯಕ ಅವನ ಆ ರೋಷವನ್ನೂ ಅವನ ಚಟವನ್ನೂ ಏಕಕಾಲಕ್ಕೆ ಹಿಡಿದುಕೊಂಡು, ಅವನನ್ನು ರಾಜಕೀಯ ಕೊಲೆಗಾರನನ್ನಾಗಿ ಮಾಡುತ್ತಾನೆ. ಬೀದಿಯ ಬಾಳಿನಿಂದ ಸನ್ಯಾಸಿನಿಯಾದ ಮೇರಿಯನ್ನು ಕೊಲ್ಲಬೇಕೆಂದು ಆಜ್ಞೆಯಾದಾಗ ನಿಕ್ಕಿಗೆ ಕೈಬರುವುದಿಲ್ಲ. ಆದರೂ ಮುಂದೆ ಮೇರಿ ಸತ್ತುಬಿದ್ದಿರುತ್ತಾಳೆ. ನಿಕ್ಕಿಯ ನೆನಪು ಅಳಿಸಿಹೋಗುತ್ತದೆ. ಆಲ್ಬಮ್ ಆರಂಭವಾಗುವುದು ಆಸ್ಪತ್ರೆಯಲ್ಲಿ, ಅವನಿಗೆ ನೆನಪು ಮರುಕಳಿಸುವ ಕ್ಷಣದಲ್ಲಿ. ಮುಗಿಯುವುದೂ ಅದೇ ಕ್ಷಣದಲ್ಲಿಯೇ.

ಮೇರಿಯನ್ನು ಕೊಂದವರಾರು? ೧೯೮೮ರ ಆಲ್ಬಮ್ ಹೇಳುವುದಿಲ್ಲ. ನಮಗಿರುವ ಏಕೈಕ ಸಾಕ್ಷಿ ನಿಕ್ಕಿ. ಅವನ ಮನಸ್ಸನ್ನು ಅನ್ಯರು ಕೆಡಿಸಿದ್ದಾರೆ. ತಾನು ಕೊಂದೆನೋ ಇಲ್ಲವೋ ಎಂಬುದನ್ನು ಅವನೇ ಅರಿಯ. ಪಮೇಲಾ ಮೂರ್ ಅವರು ಹಾಡಿರುವ ಮೇರಿಯ ಪಾತ್ರ, ಮೈಕೆಲ್ ಕೇಮನ್ ಸಂಯೋಜಿಸಿದ ವೃಂದಗಾನ—ಇವುಗಳ ಗಾಂಭೀರ್ಯದ ನಡುವೆಯೂ ಆ ಮುಖ್ಯಪ್ರಶ್ನೆ ಬರಿದಾಗಿಯೇ ಉಳಿಯುತ್ತದೆ. ಕೊನೆ ಆದಿಗೇ ಮರಳುವುದರಿಂದ, ಕೇಳುಗನೂ ಮೊದಲಿನಿಂದ ಮತ್ತೊಮ್ಮೆ ಸಾಕ್ಷ್ಯವನ್ನು ವಿಚಾರಿಸುತ್ತಾನೆ.

ಎರಡನೆಯದಾಗಿ, ಸ್ವೀಡನ್ನಿನ 'ಓಪೆತ್' ತಂಡದ 'ಸ್ಟಿಲ್ ಲೈಫ್'. ಇದು ೧೯೯೯ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಊರಿನವರ ಧರ್ಮಶ್ರದ್ಧೆ ತನಗಿಲ್ಲವೆಂಬ ಕಾರಣದಿಂದ ಬಹಿಷ್ಕೃತನಾದವನೊಬ್ಬ, ಮೆಲಿಂಡಾ ಎಂಬ ಪ್ರಿಯತಮೆಗಾಗಿ ವರ್ಷಗಳ ತರುವಾಯ ಊರಿಗೆ ಮರಳುವ ಕಥೆ ಇದರದು. ಇಲ್ಲಿ ಸಾಕ್ಷಿಯ ನೆನಪು ಕೆಟ್ಟಿಲ್ಲ. ಆದರೆ ಇರುವುದು ಒಂದೇ ಪಕ್ಷದ ಹೇಳಿಕೆ. ಊರಿನವರ ಮಾತು ನಮಗೆ ಕೇಳಿಸದು. ಒಂದೇ ಕಂಠ ಒಮ್ಮೆ ಘರ್ಜನೆಯಾಗಿ, ಒಮ್ಮೆ ಮೃದುಗಾನವಾಗಿ ಬರುತ್ತದೆ. ನೊಂದವನ ಮಾತು ಎಲ್ಲಿ ಮುಗಿದು ಸೇಡಿನವನ ಮಾತು ಎಲ್ಲಿ ತೊಡಗಿತೆಂಬುದನ್ನು ಕೇಳುಗನೇ ನಿರ್ಣಯಿಸಬೇಕಾಗಿದೆ.

ಮೂರನೆಯದು, ಅದೇ ತಿಂಗಳಿನಲ್ಲಿ ಹೊರಬಂದ 'ಡ್ರೀಮ್ ಥಿಯೇಟರ್' ತಂಡದ 'ಮೆಟ್ರೊಪೊಲಿಸ್, ಎರಡನೆಯ ಭಾಗ : ಸೀನ್ಸ್ ಫ್ರಮ್ ಎ ಮೆಮೊರಿ'. ೧೯೮೫ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು ಕಟ್ಟಿದ ತಂಡ ಇದು. ೧೯೯೨ರ ಒಂದು ಹಾಡಿಗೆ ಇವರು ವಿನೋದಕ್ಕೆಂದು 'ಮೊದಲನೆಯ ಭಾಗ' ಎಂದು ಹೆಸರಿಟ್ಟಿದ್ದರು. ಎರಡನೆಯ ಭಾಗವೆಲ್ಲಿ ಎಂದು ಕೇಳುಗರು ಬಿಡದೆ ಕೇಳತೊಡಗಿದುದರಿಂದ, ಏಳು ವರ್ಷಗಳ ಮೇಲೆ ಎರಡು ಅಂಕ, ಒಂಬತ್ತು ದೃಶ್ಯಗಳ ಈ ಆಲ್ಬಮ್ ರೂಪುಗೊಂಡಿತು. ಕೃತಿ ಕೇಳುಗರನ್ನು ಸೃಷ್ಟಿಸುವಂತೆ ಕೇಳುಗರೂ ಕೃತಿಯನ್ನು ಸೃಷ್ಟಿಸುವರೆಂಬುದಕ್ಕೆ ಇದೊಂದು ಸ್ಪಷ್ಟವಾದ ಉದಾಹರಣೆ.

ನಿಕೊಲಸ್ ಎಂಬವನು ಸಮ್ಮೋಹನ ಚಿಕಿತ್ಸಕನೊಬ್ಬನ ನೆರವಿನಿಂದ ತನ್ನ ಹಿಂದಿನ ಜನ್ಮವನ್ನು ಕಾಣುತ್ತಾನೆ. ಆ ಜನ್ಮದಲ್ಲಿ ಅವನು ೧೯೨೮ರಲ್ಲಿ ಕೊಲೆಯಾದ ವಿಕ್ಟೋರಿಯಾ ಎಂಬ ತರುಣಿ. ಹಳೆಯ ಪತ್ರಿಕೆಯೊಂದು ಆ ಕೊಲೆಯನ್ನು ವರದಿ ಮಾಡಿದೆ : ಪ್ರಿಯಕರ ಜೂಲಿಯನ್ ಅವಳನ್ನು ಕೊಂದು ತಾನೂ ಸತ್ತನು, ಶಬ್ದ ಕೇಳಿ ಓಡಿಬಂದವನೊಬ್ಬ ಸಾಕ್ಷಿ ನುಡಿದಿದ್ದಾನೆ, ಸತ್ತವನ ಜೇಬಿನಲ್ಲಿ ಚೀಟಿಯೊಂದು ಸಿಕ್ಕಿದೆ. ಸಾಕ್ಷಿಯಿದ್ದಾನೆ, ಲಿಖಿತ ದಾಖಲೆಯಿದೆ, ಸಮಕಾಲೀನ ಪತ್ರಿಕೆಯಿದೆ—ಇನ್ನೇನು ಬೇಕು? ಕೊನೆಯ ದೃಶ್ಯದಲ್ಲಿ ಮಾತ್ರ ನಿಜಸ್ಥಿತಿ ಹೊರಬೀಳುತ್ತದೆ. ಇಬ್ಬರನ್ನೂ ಕೊಂದವನು ಜೂಲಿಯನ್ನನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಎಡ್ವರ್ಡ್. ಪತ್ರಿಕೆಗೆ ಸಾಕ್ಷಿ ನುಡಿದವನೂ ಅವನೇ. ಚೀಟಿಯನ್ನು ಬರೆದು ಜೇಬಿನಲ್ಲಿಟ್ಟವನೂ ಅವನೇ. ವರದಿಗಾರ ಸುಳ್ಳು ಹೇಳಲಿಲ್ಲ. ತನಗೆ ಹೇಳಿದುದನ್ನು ನಿಷ್ಠೆಯಿಂದ ಬರೆದುಕೊಂಡ, ಅಷ್ಟೆ.

ನಿಕೊಲಸ್ ಇದನ್ನು ಅರಿಯದೆ ಸಮಾಧಾನದಿಂದ ಮನೆಗೆ ಮರಳುತ್ತಾನೆ. ಚಿಕಿತ್ಸಕ ಅವನನ್ನು ಹಿಂಬಾಲಿಸಿ ಬರುತ್ತಾನೆ. ಎಡ್ವರ್ಡನ ಮರುಹುಟ್ಟೇ ಈ ಚಿಕಿತ್ಸಕನೆಂದು ಆಲ್ಬಮಿನಲ್ಲಿ ಯಾರೂ ಹೇಳುವುದಿಲ್ಲ. ೧೯೨೮ರ ಕೊಲೆಯ ಮುನ್ನ ಕೇಳಿಬರುವ, ಕಣ್ತೆರೆಯಬೇಕೆಂಬ ಆಜ್ಞೆಯೇ ಕೊನೆಯಲ್ಲಿ ಚಿಕಿತ್ಸಕನ ಬಾಯಿಂದಲೂ ಬರುತ್ತದೆ. ಒಡನೆಯೇ ಕರ್ಕಶವಾದ ಸದ್ದು, ಮುಕ್ತಾಯ. ಇಷ್ಟೇ ಆಧಾರ. ೨೦೦೧ರಲ್ಲಿ ಹೊರಬಂದ ಕಛೇರಿಯ ಚಿತ್ರೀಕರಣ ಈ ಅರ್ಥವನ್ನು ಸ್ಪಷ್ಟಪಡಿಸಿತಾದರೂ, ೧೯೯೯ರ ಕೇಳುಗ ಅದನ್ನು ತಾನೇ ಊಹಿಸಿ ತಿಳಿಯಬೇಕಾಗಿತ್ತು.

ನಮ್ಮ ಕಾವ್ಯಗಳನ್ನು ಓದಿದವರಿಗೆ ಜನ್ಮಾಂತರದ ಕಥೆ ಹೊಸದಲ್ಲ. ಆದರೆ 'ಕಾದಂಬರಿ'ಯಲ್ಲಿ ಗಿಳಿಯ ಪೂರ್ವಜನ್ಮವೃತ್ತಾಂತವನ್ನು ಹೇಳುವವನು ತ್ರಿಕಾಲಜ್ಞನಾದ ಜಾಬಾಲಿ. ಅವನ ಮಾತನ್ನು ಸಂಶಯಿಸುವ ಪ್ರಶ್ನೆಯೇ ಏಳದು. ಈ ಆಲ್ಬಮಿನಲ್ಲಿ ಜಾಬಾಲಿಯಿಲ್ಲ. ಪೂರ್ವಜನ್ಮಕ್ಕೆ ದಾರಿ ತೋರಿಸುವವನೇ ಕೊಲೆಗಾರ. ಇದು ಶ್ರದ್ಧೆಯ ಕಥೆಯಲ್ಲ, ಪ್ರಮಾಣಪರೀಕ್ಷೆಯ ಕಥೆ.

೪

ಆರ್. ಜಿ. ಕಾಲಿಂಗ್‌ವುಡ್ಡರ ಮರಣಾನಂತರ ೧೯೪೬ರಲ್ಲಿ ಪ್ರಕಟವಾದ 'ಇತಿಹಾಸದ ಭಾವನೆ' ಎಂಬ ಗ್ರಂಥದಲ್ಲಿ ಒಂದು ಕಲ್ಪಿತ ಕೊಲೆಯ ಪ್ರಸಂಗ ಬರುತ್ತದೆ. ಹೇಳಿಕೆಗಳನ್ನು ಕತ್ತರಿಸಿ ಅಂಟಿಸುವವನು ಇತಿಹಾಸಕಾರನಲ್ಲ. ಈ ಹೇಳಿಕೆ ನಿಜವೇ ಎಂದು ಮಾತ್ರವಲ್ಲದೆ, ಇದನ್ನು ಹೀಗೆ ಹೇಳಿದುದರ ಅರ್ಥವೇನು ಎಂದು ಕೇಳುವವನೇ ಇತಿಹಾಸಕಾರ ಎಂಬುದು ಅವರ ಅಭಿಪ್ರಾಯ. ಮೇಲ್ಕಂಡ ಮೂರು ಆಲ್ಬಮ್‌ಗಳೂ ಕೇಳುಗನಿಂದ ಅಪೇಕ್ಷಿಸುವುದು ಇದನ್ನೇ. ನೆನಪು ಕೆಟ್ಟ ಸಾಕ್ಷಿ, ಒಂದೇ ಪಕ್ಷದ ಸಾಕ್ಷಿ, ಸುಳ್ಳು ಸಾಕ್ಷಿ—ಮೂರನ್ನೂ ಇತಿಹಾಸದ ವಿದ್ಯಾರ್ಥಿ ಪ್ರತಿದಿನ ಎದುರಿಸುತ್ತಾನೆ.

ಆದರೆ ಇದನ್ನು ಪತ್ತೇದಾರಿ ಕಾದಂಬರಿಯೂ ಮಾಡೀತು. ಸಂಗೀತವೇಕೆ ಬೇಕೆಂದು ಕೇಳಬಹುದು. ಸಂಗೀತ ಇಲ್ಲಿ ಎರಡನೆಯ ಸಾಕ್ಷಿಯಾಗಿ ನಿಲ್ಲುತ್ತದೆ ಎಂಬುದು ನಮ್ಮ ಉತ್ತರ. ಡ್ರೀಮ್ ಥಿಯೇಟರಿನ ಆಲ್ಬಮಿನಲ್ಲಿ '೧೯೨೮' ಎಂಬ ಇಸವಿಯನ್ನೇ ಹೆಸರಿನಲ್ಲಿ ಹೊತ್ತ ವಾದ್ಯಪ್ರಸ್ತಾವನೆಯಿದೆ. ೧೯೯೨ರ ಹಾಡಿನ ಸ್ವರಗುಚ್ಛಗಳೂ ಮುಂದೆ ಬರಲಿರುವ ಹಾಡುಗಳ ಸ್ವರಗುಚ್ಛಗಳೂ ಅದರಲ್ಲಿ ಮೊದಲೇ ಕೇಳಿಬರುತ್ತವೆ. ಆಗ ಅವುಗಳ ಅರ್ಥ ನಮಗೆ ತಿಳಿಯದು. ಮುಂದೆ ಮಾತಿನೊಡನೆ ಅವು ಮರಳಿದಾಗ, ಎಲ್ಲಿಯೋ ಕೇಳಿದ್ದೇವೆಂಬ ಭಾವನೆ ಮೂಡುತ್ತದೆ. ನಿಕೊಲಸನಿಗೆ ತನ್ನ ಹಿಂದಿನ ಜನ್ಮವನ್ನು ಕುರಿತು ಮೂಡುವ ಭಾವನೆಯೂ ಇದೇ ಅಲ್ಲವೆ? ಸಮ ಬೀಳುವ ಜಾಗ ಕ್ಷಣಕ್ಷಣಕ್ಕೂ ಬದಲಾಗುವ ತಾಳವೈಷಮ್ಯ ಕೇಳುಗನನ್ನು ಅರೆನಿದ್ರೆಯಲ್ಲಿ ಕೇಳಲು ಬಿಡುವುದಿಲ್ಲ. ಬರಿಯ ಚಮತ್ಕಾರವೆಂದು ಆಕ್ಷೇಪಿಸುವವರು ಗಮನಿಸದ ಅಂಶವಿದು.

ಈ ವಾದಕ್ಕೆ ವ್ಯತಿರೇಕ ನಿದರ್ಶನವೂ ಉಂಟು. ಅದೇ ಡ್ರೀಮ್ ಥಿಯೇಟರ್ ತಂಡ ೨೦೧೬ರಲ್ಲಿ 'ದಿ ಅಸ್ಟಾನಿಷಿಂಗ್' ಎಂಬ, ಮೂವತ್ತನಾಲ್ಕು ಭಾಗಗಳ, ಎರಡು ಗಂಟೆಗೂ ಮಿಕ್ಕ ಕಥಾ ಆಲ್ಬಮನ್ನು ಹೊರತಂದಿತು. ಪಾತ್ರಗಳ ಚಿತ್ರ, ಕಲ್ಪಿತ ರಾಜ್ಯದ ನಕಾಶೆ ಎಲ್ಲವನ್ನೂ ಒದಗಿಸಿತು. ಶ್ರಮದಲ್ಲಿಯೂ ವೈಭವದಲ್ಲಿಯೂ ಕೊರತೆಯಿರಲಿಲ್ಲ. ಆದರೂ ಅಭಿಮಾನಿಗಳಲ್ಲಿಯೇ ಒಮ್ಮತ ಮೂಡಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ ಕಥೆಯಲ್ಲಿ ಕೇಳುಗನಿಗೆ ಮಾಡಲು ಕೆಲಸ ಉಳಿದಿರಲಿಲ್ಲವೆಂಬುದು ನಮ್ಮ ಊಹೆ.

ಒಪ್ಪಿಕೊಳ್ಳಬೇಕಾದ ದೋಷಗಳೂ ಇವೆ. ಸಾಹಿತ್ಯದೃಷ್ಟಿಯಿಂದ ನೋಡಿದರೆ ಈ ಕಥೆಗಳು ಬಹುಮಟ್ಟಿಗೆ ತೆಳು. ಕೊಲೆ, ಪ್ರೇಮ, ಸೇಡುಗಳ ಅತಿಭಾವುಕತೆ ಅಲ್ಲಲ್ಲಿ ಎದ್ದು ಕಾಣುತ್ತದೆ. ಸ್ತ್ರೀಪಾತ್ರಗಳು ಸಾಯುವುದಕ್ಕೆಂದೇ ಬಂದಂತಿವೆ. ವಿಕ್ಟೋರಿಯಾ, ಮೇರಿ, ಮೆಲಿಂಡಾ ಮೂವರೂ ಸಾಯುತ್ತಾರೆ. ಇಲ್ಲದ ಸೂಚನೆಗಳನ್ನು ಇದೆಯೆಂದು ಹುಡುಕುವ ಚಪಲಕ್ಕೂ ಈ ರೂಪ ಎಡೆಗೊಡುತ್ತದೆ. ಈ ಚಪಲ ಇತಿಹಾಸಕಾರರಲ್ಲಿ ಇಲ್ಲವೆಂದು ನಾವು ಹೇಳಲಾರೆವು.

೫

ನಮ್ಮ ನಿರ್ಣಯವನ್ನು ಹೀಗೆ ಹೇಳಬಹುದು. ಪ್ರೊಗ್ರೆಸಿವ್ ಮೆಟಲ್ ಕಥಾ ಆಲ್ಬಮಿನ ಆಕರ್ಷಣೆ ಅದರ ಉದ್ದದಲ್ಲಿಯೂ ಇಲ್ಲ, ಅಬ್ಬರದಲ್ಲಿಯೂ ಇಲ್ಲ. ಅಪೂರ್ಣವಾದ ಸಾಕ್ಷ್ಯವನ್ನು ಕೊಟ್ಟು, ಅದನ್ನು ಪರೀಕ್ಷಿಸುವ ಅಧಿಕಾರವನ್ನು ಅದು ಕೇಳುಗನಿಗೆ ವಹಿಸುತ್ತದೆ. ತನ್ನನ್ನು ಬುದ್ಧಿವಂತನೆಂದು ನಂಬಿದವರ ಬಳಿಗೆ ಕೇಳುಗ ಮತ್ತೆ ಮತ್ತೆ ಹೋಗುತ್ತಾನೆ.

ಇದರಿಂದ ಇತಿಹಾಸದ ಅಧ್ಯಾಪಕರಾದ ನಾವು ಕಲಿಯಬೇಕಾದುದಿದೆ. ನಿರ್ಣಯವನ್ನು ಮೊದಲೇ ಹೇಳಿ, ಆಮೇಲೆ ಆಧಾರವನ್ನು ತೋರಿಸುವುದು ನಮ್ಮ ಪದ್ಧತಿ. ಅದರಿಂದಾಗಿ ಆಧಾರ ವಿದ್ಯಾರ್ಥಿಗೆ ಅಲಂಕಾರವಾಗಿಬಿಡುತ್ತದೆ. ಮೌನವಾಗಿ ಕುಳಿತವರಲ್ಲಿ ವಿಚಾರಶಕ್ತಿ ಇಲ್ಲವೆಂದು ನಾವು ಬಗೆದಿದ್ದೆವು. ಅದು ಇದೆ, ನಾವು ಕರೆಯಲಿಲ್ಲ ಅಷ್ಟೆ.

ಒಂದು ಭೇದವನ್ನು ಮಾತ್ರ ಅವರಿಗೆ ನೆನಪಿಸಬೇಕು. ಆಲ್ಬಮಿಗೆ ಕರ್ತೃಗಳಿದ್ದಾರೆ, ಸಂಶಯ ಉಳಿದರೆ ಅವರು ಒಂದು ದಿನ ಬಂದು ಹೇಳಬಹುದು. ಇತಿಹಾಸಕ್ಕೆ ಅಂತಹ ಕರ್ತೃವಿಲ್ಲ. ಕಲ್ಪಿತನಾದ ಜೂಲಿಯನ್ ತನ್ನ ಜೇಬಿನಲ್ಲಿ ಇನ್ನೊಬ್ಬ ಇಟ್ಟ ಚೀಟಿಯಿಂದಾಗಿ ಎಪ್ಪತ್ತು ವರ್ಷ ಕೊಲೆಗಾರನೆನಿಸಿಕೊಂಡ. ಕೊನೆಯ ದೃಶ್ಯದಲ್ಲಿ ಅವನಿಗೆ ನ್ಯಾಯ ದೊರೆಯಿತು. ನಿಜವಾಗಿ ಬಾಳಿ ಸತ್ತವರಲ್ಲಿ ಅಂತಹ ಚೀಟಿಯನ್ನು ಜೇಬಿನಲ್ಲಿ ಹೊತ್ತು ಮಲಗಿರುವವರು ಎಷ್ಟು ಮಂದಿಯೋ! ಅವರ ಪಾಲಿಗೆ ಕೊನೆಯ ದೃಶ್ಯವನ್ನು ಬರೆಯುವವರು, ಆ ಚೀಟಿಯನ್ನು ಬರೆದವನಾರೆಂದು ಕೇಳುವವರೇ ಹೊರತು ಬೇರೆ ಯಾರೂ ಅಲ್ಲ.