ನಳಿಗೆಗೆ ಒಪ್ಪುವ ಗುಂಡು

ಬಾಯಿಯಿಂದ ಮದ್ದುಗುಂಡು ತುಂಬುವ ಕೋವಿಯ ಒಡಲಲ್ಲಿಯೇ ಒಂದು ವೈರುಧ್ಯವುಂಟು: ತುಂಬುವಾಗ ಗುಂಡು ಸಡಿಲವಾಗಿ ಇಳಿಯಬೇಕು, ಹಾರುವಾಗ ಅದೇ ಗುಂಡು ನಳಿಗೆಯನ್ನು ಬಿಗಿಯಾಗಿ ತುಂಬಿಕೊಂಡು ಹೊರಡಬೇಕು. ಯುರೋಪು ಅಮೆರಿಕಗಳ ಕಮ್ಮಾರರೂ ಗಣಿತಜ್ಞರೂ ಸೇನಾಧಿಕಾರಿಗಳೂ ತಲೆಮಾರುಗಳ ಕಾಲ ಪಟ್ಟ ಪರಿಶ್ರಮವನ್ನು ವಿಚಾರಿಸಿ ನೋಡಿದರೆ, ಅದರ ಬಹುಭಾಗವು ಈ ಅಲ್ಪಾಂತರವನ್ನು ಮುಚ್ಚುವ ಉಪಾಯದ ಅನ್ವೇಷಣೆಯೇ ಆಗಿತ್ತೆಂದು ತೋರುತ್ತದೆ.

ಬ್ರಿಟಿಷ್ ಕಾಲಾಳಿನ ‘ಬ್ರೌನ್ ಬೆಸ್’ ಕೋವಿಯು ಶೀಘ್ರತೆಗಾಗಿ ಗುರಿಯನ್ನು ಬಲಿಗೊಟ್ಟಿತ್ತು. 0.75 ಅಂಗುಲದ ನುಣುಪು ನಳಿಗೆಯೊಳಗೆ ಸುಮಾರು 0.69 ಅಂಗುಲದ ಗುಂಡು ಗೋಡೆಯಿಂದ ಗೋಡೆಗೆ ತಾಕುತ್ತ ಬಂದು, ಕಡೆಯ ತಾಕು ತಿರುಗಿಸಿದತ್ತ ಹೋಗುತ್ತಿತ್ತು. ಈ ದೋಷವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಅಗ್ರಗಣ್ಯನು ಬೆಂಜಮಿನ್ ರಾಬಿನ್ಸ್. ಜರ್ಮನ್ ಕೋವಿಗಾರರಿಗೆ ಮೊದಲೇ ತಿಳಿದಿದ್ದ, ನಳಿಗೆಯ ಒಳಮೈಯ ಸುರುಳಿಗೀರುಗಳು ಗುಂಡಿಗೆ ತನ್ನ ಪಥವನ್ನೇ ಅಕ್ಷವಾಗುಳ್ಳ ಭ್ರಮಣವನ್ನಿತ್ತು ಅದರ ಗತಿಯನ್ನು ಸ್ಥಿರಗೊಳಿಸುವ ಬಗೆಯನ್ನು ಆತನು 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು. ಆ ಮೇಧಾವಿಯು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಕಾಲವಾದನೆಂಬುದು ನಮ್ಮವರು ಸ್ಮರಿಸತಕ್ಕ ಸಂಗತಿ.

ಆದರೆ ಗೀರುಗಳು ಗುಂಡನ್ನು ತಿರುಗಿಸಬೇಕಾದರೆ ಮೊದಲು ಅದನ್ನು ಹಿಡಿಯಬೇಕಷ್ಟೆ. ಪೆನ್ಸಿಲ್ವೇನಿಯದಲ್ಲಿ ನೆಲಸಿದ ಜರ್ಮನ್ ಕುಶಲಕರ್ಮಿಗಳ ಕೋವಿಗಳಲ್ಲಿ ನಳಿಗೆಗಿಂತ ತುಸು ಕಿರಿದಾದ ಗುಂಡನ್ನು ಜಿಡ್ಡು ಹಚ್ಚಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಇಳಿಸುವ ರೂಢಿ ಬೆಳೆಯಿತು. ಬಟ್ಟೆಯೇ ಗೀರನ್ನು ಹಿಡಿದು, ಗುಂಡನ್ನು ತಿರುಗಿಸಿ, ಹೊರಗೆ ಬಂದೊಡನೆ ಕಳಚಿ ಬೀಳುತ್ತಿತ್ತು. ಇದಕ್ಕಿಂತ ಸರಳವೂ ಸುಂದರವೂ ಆದ ಪರಿಹಾರವನ್ನು ಈ ವಿದ್ಯೆಯ ಚರಿತ್ರೆಯಲ್ಲಿ ನಾನು ಕಾಣೆನು. ಆದರೂ ಯುದ್ಧದ ಆತುರಕ್ಕೆ ಅದು ನಿಧಾನ. 1800ರ ಬೇಕರ್ ರೈಫಲ್ಲಿನೊಡನೆ, ಗುಂಡನ್ನು ಹೊಡೆದಿಳಿಸಲು ಸಿಪಾಯಿಗಳಿಗೆ ಆರಂಭದಲ್ಲಿ ಮರದ ಕೊಡತಿಗಳನ್ನೇ ಕೊಡಬೇಕಾಯಿತು.

ನಿಜವಾದ ತಿರುವು ಬಂದುದು ದಕ್ಷಿಣ ಭಾರತದಿಂದ. ಇಲ್ಲಿನ ಜನರ ಊದುಗೊಳವೆಯ ಬಾಣದ ಬುಡದಲ್ಲಿದ್ದ ಮೃದುವಾದ ಬೆಂಡು, ಊದಿದಾಗ ಹಿಗ್ಗಿ ಉಸಿರು ಸೋರದಂತೆ ಕೊಳವೆಯನ್ನು ಮುಚ್ಚುವುದನ್ನು ಕ್ಯಾಪ್ಟನ್ ಜಾನ್ ನಾರ್ಟನ್ ಗಮನಿಸಿದನೆಂಬುದು ಪ್ರಸಿದ್ಧ ವೃತ್ತಾಂತ. 1823ರಲ್ಲಿ ಆತನು ಬುಡ ಪೊಳ್ಳಾದ ನೀಳಗುಂಡನ್ನು ರಚಿಸಿದನು: ಮದ್ದಿನ ಒತ್ತಡವೇ ಆ ಬುಡವನ್ನು ಅರಳಿಸಿ ಗೀರುಗಳಿಗೆ ಒತ್ತುವುದರಿಂದ, ಸಡಿಲವಾಗಿ ಇಳಿದ ಗುಂಡು ಬಿಗಿಯಾಗಿ ಹೊರಡುವುದು. ಬ್ರಿಟಿಷ್ ಸರಕಾರವು ಅದನ್ನು ತಳ್ಳಿಹಾಕಿತು. 1835ರಲ್ಲಿ ವಿಲಿಯಂ ಗ್ರೀನರ್ ಬೆಣೆಯಿಟ್ಟು ಮಾಡಿದ ಗುಂಡಿಗೂ ಅದೇ ಗತಿಯಾಯಿತು. ಫ್ರಾನ್ಸಿನಲ್ಲಿ ಡೆಲ್ವಿನ್ ಮತ್ತು ತೂವನೆಂ ಎಂಬವರು ಗುಂಡನ್ನು ಒಳಗೇ ಜಜ್ಜಿ ಅಗಲಿಸುವ ದಾರಿ ಹಿಡಿದರು. ಜಜ್ಜಿದ ಗುಂಡು ವಿರೂಪಗೊಂಡು ಗುರಿ ಕೆಡುತ್ತಿತ್ತು. ಕಡೆಗೆ 1849ರಲ್ಲಿ ಅಲ್ಲಿಯ ಮಿನಿಯೇ ಎಂಬವನು ಪೊಳ್ಳು ಬುಡದಲ್ಲಿ ಕಬ್ಬಿಣದ ಬಟ್ಟಲನ್ನಿಟ್ಟು ಯಶಸ್ವಿಯಾದ ಮೇಲೆ, ಬ್ರಿಟನ್ ಮುಂದೆ ಅವನಿಗೆ 20,000 ಪೌಂಡುಗಳನ್ನೂ ಗ್ರೀನರನಿಗೆ 1,000 ಪೌಂಡುಗಳನ್ನೂ ಕೊಟ್ಟಿತು. ಮೊದಲು ಕಂಡವನಾದ ನಾರ್ಟನ್ನನಿಗೆ ಸಲ್ಲಬೇಕಾದ ಗೌರವವು ಸಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ. ಅಮೆರಿಕದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದ ಜೇಮ್ಸ್ ಬರ್ಟನ್ನನು ಬಟ್ಟಲನ್ನೂ ತೆಗೆದುಹಾಕಿ, ಗೋಡೆ ತೆಳುವಾಗಿದ್ದರೆ ಸೀಸವೊಂದೇ ಸಾಕೆಂದು ತೋರಿಸಿದನು.

ಹಿಗ್ಗುವ ಗುಂಡಿಗೂ ಮಿತಿಯುಂಟೆಂಬುದನ್ನು ಕಲಿಸಿದುದೂ ಭಾರತವೇ. ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ರೈಫಲ್ಲಿನ 0.577 ಅಂಗುಲದ ನಳಿಗೆಗೆಂದು ಮಾಡಿದ 0.568 ಅಂಗುಲದ ಗುಂಡು, 1857ರ ಬೇಸಿಗೆಯ ಸಮರದಲ್ಲಿ ಮಸಿಗಟ್ಟಿದ ನಳಿಗೆಗಳೊಳಗೆ ಇಳಿಯದೆ ಹೋಗಿ, ಮುಂದೆ ಗುಂಡನ್ನು 0.55 ಅಂಗುಲಕ್ಕೆ ಇಳಿಸಿ ಬುಡಕ್ಕೆ ಬೆಣೆಯಿಡಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನ ಹೈಥ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಜೋಸೆಫ್ ವಿಟ್ವರ್ತನ ಷಟ್ಕೋನ ನಳಿಗೆಯು, ತನ್ನ ಆಕಾರಕ್ಕೇ ಅಳವಟ್ಟ ಗುಂಡಿನಿಂದ, 500 ಗಜಗಳಲ್ಲಿ ಎನ್‌ಫೀಲ್ಡನ್ನು ಬಹುವಾಗಿ ಹಿಂದೆ ಹಾಕಿತು. ಆದರೂ ಬೆಲೆ ಅಧಿಕ, ಮಸಿಯ ತೊಡಕೂ ಅಧಿಕವೆಂದು ಸೈನ್ಯವು ಅದನ್ನು ಸ್ವೀಕರಿಸಲಿಲ್ಲ.

ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬಂದ ಮೇಲೆ ಈ ವಿದ್ಯೆ ಮಂಕಾಯಿತು. ಅಮೆರಿಕದಲ್ಲಿ 1933ರಲ್ಲಿ ಬಾಯಿಯಿಂದ ತುಂಬುವ ಕೋವಿಗಳ ಹವ್ಯಾಸಿಗಳ ರಾಷ್ಟ್ರೀಯ ಸಂಘವು ಹುಟ್ಟಿದಂದಿನಿಂದ ಅದು ಕ್ರೀಡೆಯಾಗಿ ಮರಳಿ ಚಿಗುರಿದೆ. ಸೇನೆಗಳು ಸಾವಿರಾರು ನಳಿಗೆಗಳಿಗೆ ಒಂದೇ ಅಳತೆಯನ್ನು ಅರಸುತ್ತಿದ್ದರೆ, ಹವ್ಯಾಸಿಯು ತನ್ನ ಒಂದು ನಳಿಗೆಯನ್ನೇ ಅರಿಯಲು ಯತ್ನಿಸುತ್ತಾನೆ. ಈ ಕ್ಷೇತ್ರದ ನಿಜವಾದ ಪ್ರಗತಿ ಇಲ್ಲಿಯೇ ಎಂದು ನಾನು ನಂಬುತ್ತೇನೆ. ಅವನು ಮೆತ್ತನೆಯ ಸೀಸದ ಉಂಡೆಯೊಂದನ್ನು ಖಾಲಿ ನಳಿಗೆಯ ಮೂಲಕ ಮೆಲ್ಲನೆ ತಳ್ಳಿ, ಅದರ ಮೇಲೆ ಮೂಡಿದ ಏಣುಗೀರುಗಳ ಅಳತೆಯನ್ನು ಮೈಕ್ರೊಮೀಟರಿನಿಂದ ತೆಗೆಯುತ್ತಾನೆ. ಪೊಳ್ಳು ಬುಡದ ಗುಂಡಾದರೆ ನಳಿಗೆಗಿಂತ ಒಂದೆರಡು ಸಹಸ್ರಾಂಶ ಅಂಗುಲ ಕಿರಿದಾಗಿರಬೇಕು. ಬಟ್ಟೆ ಸುತ್ತಿದ ಉರುಟು ಗುಂಡಾದರೆ 0.50 ಅಂಗುಲದ ನಳಿಗೆಗೆ 0.490ರ ಗುಂಡೂ 0.015 ದಪ್ಪದ ಬಟ್ಟೆಯೂ ಸಾಮಾನ್ಯವಾದ ಆರಂಭ. ಎರಕದ ಸೀಸವು ಶುದ್ಧವಾಗಿರಬೇಕು; ತವರವೋ ಆಂಟಿಮನಿಯೋ ಬೆರೆತರೆ ಗುಂಡು ಗಡುಸಾಗಿ ಬುಡ ಅರಳುವುದಿಲ್ಲ, ಮೇಲಾಗಿ ಅದೇ ಅಚ್ಚಿನಿಂದ ಬಂದರೂ ಅಳತೆ ತುಸು ಹಿರಿದಾಗುತ್ತದೆ.

ಆದುದರಿಂದ ಹಳೆಯ ಕೋವಿಯಲ್ಲಿ ಆಸಕ್ತಿಯುಳ್ಳವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಳಿಗೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ನಂಬಿ ಅಚ್ಚು ಕೊಳ್ಳಬೇಡಿರಿ, ಕೋವಿಯು ಖಾಲಿಯಿರುವುದನ್ನು ಮೊದಲು ನಿಶ್ಚಯಿಸಿಕೊಂಡು, ನಳಿಗೆಯ ಒಳಮೈಯನ್ನು ಅಳೆದು, ಆಮೇಲೆ ಅಚ್ಚನ್ನು ಆರಿಸಿಕೊಳ್ಳಿರಿ.