ಬರ್ಲಿನ್ನಿನ ರಬ್ಬಿ

ಪ್ರಷ್ಯದ ಪೋಜನ್ ಪ್ರಾಂತದಲ್ಲಿ ಲಿಸ್ಸ ಎಂಬುದೊಂದು ಸಣ್ಣ ಊರಿತ್ತು. ಇಂದು ಅದು ಪೋಲೆಂಡಿನ ಲೆಷ್ನೊ. ಹದಿನೇಳನೆಯ ಶತಮಾನದಲ್ಲಿ ಕೊಮೇನಿಯಸನಂಥ ಶಿಕ್ಷಣತಜ್ಞ ಆಶ್ರಯ ಪಡೆದು ಪಾಠ ಹೇಳಿದ ಊರು. ಅಲ್ಲಿನ ರಬ್ಬಿ ಸಾಮ್ಯುಯೆಲ್ ಬೇಕ್ ಅವರ ಮನೆಯಲ್ಲಿ ೧೮೭೩ರಲ್ಲಿ ಲಿಯೋ ಬೇಕ್ ಹುಟ್ಟಿದರು. ರಬ್ಬಿಯೆಂದರೆ ಕರ್ಮಾಂಗ ಮಾಡಿಸುವ ಪುರೋಹಿತನೆಂದು ನಾವು ತಿಳಿಯಬಾರದು. ಆತ ಮುಖ್ಯವಾಗಿ ಧರ್ಮಶಾಸ್ತ್ರ ಬಲ್ಲ ಪಂಡಿತ, ಗುರು. ತಂದೆ ಯೆಹೂದಿ ಜನರ ಚರಿತ್ರೆಯನ್ನೂ ಬರೆದವರು. ಹೀಗೆ ಗ್ರಂಥಗಳ ನಡುವೆಯೇ ಹುಡುಗನ ಬಾಲ್ಯ ಕಳೆಯಿತು.

ಬ್ರೆಸ್ಲೌ ನಗರದ ಸಂಪ್ರದಾಯನಿಷ್ಠ ವಿದ್ಯಾಪೀಠ ಅವರನ್ನು ಹೆಚ್ಚು ಕಾಲ ಹಿಡಿದಿಡಲಿಲ್ಲ. ಬರ್ಲಿನ್ನಿಗೆ ಹೋಗಿ, ತತ್ತ್ವಜ್ಞ ಡಿಲ್ತಾಯ್ ಅವರ ಬಳಿ ಓದಿ, ೧೮೯೫ರಲ್ಲಿ ಸ್ಪಿನೋಜನನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮಾಜ ೧೬೫೬ರಲ್ಲಿ ಬಹಿಷ್ಕರಿಸಿದ್ದ ಸ್ಪಿನೋಜ! ರಬ್ಬಿಯಾಗಹೊರಟವರು ಅವನನ್ನೇ ಆರಿಸಿಕೊಂಡದ್ದು ಗಮನಾರ್ಹ.

೧೯೦೦ರಲ್ಲಿ ಪ್ರಕಟವಾದ ಹಾರ್ನಾಕ್ ಅವರ ಕ್ರೈಸ್ತಧರ್ಮದ ಸಾರವನ್ನು ಕುರಿತ ಪುಸ್ತಕಕ್ಕೆ ಬೇಕ್ ೧೯೦೫ರಲ್ಲಿ ಯೆಹೂದಿ ಧರ್ಮದ ಸಾರವನ್ನು ಬರೆದು ಉತ್ತರ ಕೊಟ್ಟರು. ಆಗ ಅವರು ಓಪೆಲ್ನ್ ಎಂಬ ಊರಿನಲ್ಲಿ ರಬ್ಬಿ. ನಂಬಿಕೆಯ ಸೂತ್ರಗಳಿಗಿಂತ ಸತ್ಕಾರ್ಯವೇ ತಮ್ಮ ಧರ್ಮದ ತಿರುಳೆಂಬುದು ಅಲ್ಲಿನ ವಾದ. ಬಳಿಕ ಮೊದಲ ಮಹಾಯುದ್ಧ ಬಂತು. ಅವರು ಸೈನ್ಯದಲ್ಲಿ ಧರ್ಮಗುರುವಾಗಿ ದುಡಿದರು. ೧೯೨೨ರಲ್ಲಿ ಅದೇ ಪುಸ್ತಕ ಬಹಳ ಬೆಳೆದು ಮತ್ತೆ ಅಚ್ಚಾದಾಗ, ಬುದ್ಧಿಗೆ ನಿಲುಕದ ದೈವರಹಸ್ಯಕ್ಕೆ ಅದರಲ್ಲಿ ದೊಡ್ಡ ಸ್ಥಾನ ದೊರೆತಿತ್ತು. ಯುದ್ಧಭೂಮಿಯ ಸಾವುಗಳನ್ನು ಕಂಡವರ ಬರಹವಿದು ಎಂದೇ ನನ್ನ ಎಣಿಕೆ.

೧೯೩೩ರಲ್ಲಿ ಹಿಟ್ಲರ್ ಬಂದನು. ಜರ್ಮನಿಯ ಯೆಹೂದಿಗಳ ಪ್ರಾತಿನಿಧಿಕ ಸಂಸ್ಥೆಗೆ ಬೇಕ್ ಅಧ್ಯಕ್ಷರಾದರು. ಹೊರದೇಶಗಳಿಂದ ಕರೆ ಬಂದರೂ ಹೋಗಲಿಲ್ಲ. ೧೯೪೩ರ ಜನವರಿಯಲ್ಲಿ ಪೋಲೀಸರು ಬಾಗಿಲಿಗೆ ಬಂದಾಗ, ಸ್ವಲ್ಪ ಸಮಯ ಬೇಡಿ, ಗ್ಯಾಸ್ ಮತ್ತು ವಿದ್ಯುತ್ತಿನ ಬಾಕಿಗೆ ಹಣ ಕಳಿಸುವ ವ್ಯವಸ್ಥೆ ಮಾಡಿದರಂತೆ. ಲಿಸ್ಸದ ಆ ಮನೆ ಅವರೊಳಗೆ ಇನ್ನೂ ಇತ್ತು!

ಥೆರೇಸಿಯನ್‌ಷ್ಟಾಟ್ ಬಂಧನಶಿಬಿರದಲ್ಲಿ ಎಪ್ಪತ್ತರ ಈ ಮುದುಕರು ಕಸದ ಗಾಡಿ ಎಳೆದರು; ಪ್ಲೇಟೋ, ಕಾಂಟ್ ಕುರಿತು ಕಿಕ್ಕಿರಿದ ಜನಕ್ಕೆ ಉಪನ್ಯಾಸ ಕೊಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ, ಪೂರ್ವಕ್ಕೆ ಹೊರಡುವ ರೈಲುಗಳ ಕೊನೆ ಆಷ್ವಿಟ್ಸ್‌ನ ವಿಷಾನಿಲವೆಂದು ಸೆರೆಯಾಳೊಬ್ಬನಿಂದ ತಿಳಿಯಿತು. ಅವರು ಯಾರಿಗೂ ಹೇಳಲಿಲ್ಲ. ಸಾವನ್ನೇ ಎದುರುನೋಡುತ್ತ ಬದುಕುವುದು ಇನ್ನೂ ಕಠಿನ. ಅಲ್ಲದೆ ಎಲ್ಲರ ಸಾವೂ ಖಚಿತವಲ್ಲ, ಕೆಲವರನ್ನು ದುಡಿಮೆಗೆ ಆರಿಸಿಕೊಳ್ಳುತ್ತಾರೆ — ಇದು ಬಳಿಕ ಅವರೇ ಕೊಟ್ಟ ಸಮಾಧಾನ. ಹಾನ್ನಾ ಆರೆಂಟ್ ೧೯೬೩ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ನಾನಾದರೂ ಸುಲಭವಾಗಿ ತೀರ್ಪು ಹೇಳಲಾರೆ. ಆದರೆ ಗುರುವಿನ ಮನೆಯಲ್ಲಿ ಬೆಳೆದವರಿಗೆ, ಶಿಷ್ಯರು ಯಾವುದನ್ನು ತಾಳಬಲ್ಲರೆಂದು ತಾವೇ ನಿರ್ಧರಿಸುವ ಅಭ್ಯಾಸ ಬಂದುಬಿಡುತ್ತದೆ. ಅಂದು ಶಿಷ್ಯರ ಪ್ರಾಣವೇ ಪಣವಾಗಿತ್ತು. ಕೇಳಿದ್ದರೆ ಕೆಲವರಾದರೂ ಅಡಗುತ್ತಿದ್ದರೋ, ಎದುರುಬೀಳುತ್ತಿದ್ದರೋ!

೧೯೪೫ರಲ್ಲಿ ಬಿಡುಗಡೆಯಾಗಿ ಅವರು ಲಂಡನ್ನಿಗೆ ಬಂದರು. ಶಿಬಿರದಲ್ಲಿ ಬರೆದ ಹಾಳೆಗಳಿಂದ ಬೆಳೆದ ತಮ್ಮ ಜನರ ಕುರಿತ ಗ್ರಂಥದ ಮೊದಲ ಭಾಗ ೧೯೫೫ರಲ್ಲಿ ಪ್ರಕಟವಾಯಿತು. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡರು.