ನೀರಿನ ದಾರಿಯೇ ಆಮ್ಲದ ದಾರಿ: ಶಿಕಾರಿಪುರ–ಸೊರಬ ಕೆರೆ ಸೀಮೆಯಲ್ಲಿ ಸಂಕ್ಷಾರಕ ರಾಸಾಯನಿಕ ಸೋರಿಕೆ ಮತ್ತು ತುರ್ತು ಸ್ಪಂದನೆ

1. ಪ್ರಸ್ತಾವನೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲೂಕುಗಳನ್ನು ಯಾರೂ ಕೈಗಾರಿಕಾ ಸೀಮೆ ಎನ್ನುವುದಿಲ್ಲ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಇಲ್ಲಿನ ಬದುಕು. ಆದರೂ ಮುಟ್ಟಿದ್ದನ್ನು ಸುಟ್ಟು ತಿನ್ನುವ ಸಂಕ್ಷಾರಕ ರಾಸಾಯನಿಕಗಳು ಇಂಥ ಸೀಮೆಗೂ ಹೊಸವಲ್ಲ. ಬ್ಯಾಟರಿ ಅಂಗಡಿಗೆ ಗಂಧಕಾಮ್ಲ ಬೇಕು, ಡ್ರಿಪ್ ಪೈಪಿನ ಗಾರು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಬೇಕು, ಹಾಲಿನ ಟ್ಯಾಂಕು ತೊಳೆಯಲು ಕಾಸ್ಟಿಕ್ ಸೋಡಾ ಮತ್ತು ನೈಟ್ರಿಕ್ ಆಮ್ಲ ಬೇಕು, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲ ಬೇಕು. ಇವೆಲ್ಲ ಬರುವುದು ರಸ್ತೆಯ ಮೇಲೆ, ಕ್ಯಾನು, ಡ್ರಮ್ಮು, ಟ್ಯಾಂಕರುಗಳಲ್ಲಿ.

ಅಪಾಯದ ಸರಕು ಹಳ್ಳಿಯ ದಾರಿ ಹಿಡಿದರೆ ಏನಾಗಬಹುದೆಂಬುದನ್ನು ಈ ಜಿಲ್ಲೆ ಕಂಡಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕಗಳು ಸಿಡಿದು ಕಾರ್ಮಿಕರು ಸತ್ತರು. ಸುತ್ತಲ ಊರುಗಳ ಜನ ಭೂಕಂಪವೆಂದುಕೊಂಡು ಮನೆಯಿಂದ ಹೊರಗೋಡಿದರು. ಅದು ಸ್ಫೋಟಕದ ಪ್ರಕರಣ, ಆಮ್ಲದ್ದಲ್ಲ. ಆದರೆ ಪಕ್ಕದಲ್ಲಿ ಏನಿದೆ ಎಂಬುದು ಊರಿನವರಿಗೆ ಮೊದಲೇ ತಿಳಿದಿರಬೇಕು ಎಂಬ ಪಾಠ ಎರಡಕ್ಕೂ ಒಂದೇ.

ಈ ಲೇಖನದ ವಾದ ಇಷ್ಟು: ಕೆರೆ ಸೀಮೆಯಲ್ಲಿ ಆಮ್ಲ ಚೆಲ್ಲಿದಾಗ ಹಾನಿ ಎಷ್ಟೆಂಬುದು ರಸ್ತೆಯ ಮೇಲೆ ತೀರ್ಮಾನವಾಗುವುದಿಲ್ಲ, ಮೋರಿಯಿಂದ ಕೆರೆಯ ತೂಬಿನವರೆಗಿನ ದಾರಿಯಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ತುರ್ತು ಯೋಜನೆಯನ್ನು ರಸ್ತೆ ನಕ್ಷೆಯ ಮೇಲಷ್ಟೇ ಅಲ್ಲ, ಕೆರೆಗಳ ನಕ್ಷೆಯ ಮೇಲೂ ಬರೆಯಬೇಕು.

2. ಕಾನೂನಿನ ಚೌಕಟ್ಟು

1984ರ ಡಿಸೆಂಬರಿನ ಭೋಪಾಲ ದುರಂತ ಮತ್ತು 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದಾದ ಓಲಿಯಂ ಸೋರಿಕೆ ಭಾರತದ ರಾಸಾಯನಿಕ ಸುರಕ್ಷತಾ ಕಾನೂನಿನ ದಿಕ್ಕು ಬದಲಿಸಿದವು. ಓಲಿಯಂ ಎಂದರೆ ಹೊಗೆಯಾಡುವ ಗಂಧಕಾಮ್ಲ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಉದ್ದಿಮೆ ನಡೆಸುವವರು ತಮ್ಮಿಂದಾದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಹೊಣೆಗಾರರು ಎಂಬ ಸಂಪೂರ್ಣ ಹೊಣೆಗಾರಿಕೆಯ ತತ್ತ್ವವನ್ನು ಸ್ಥಾಪಿಸಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಮತ್ತು 1996ರ ರಾಸಾಯನಿಕ ಅಪಘಾತ ನಿಯಮಗಳು ಇದರ ಬೆನ್ನಿಗೆ ಬಂದವು.

1996ರ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪುಗಳನ್ನು ರಚಿಸುತ್ತವೆ. ಸ್ಥಳೀಯ ಗುಂಪಿಗೆ ಉಪವಿಭಾಗಾಧಿಕಾರಿಯೇ ಮುಖ್ಯಸ್ಥರು. ಶಿಕಾರಿಪುರ, ಸೊರಬ ಎರಡೂ ಸಾಗರ ಉಪವಿಭಾಗಕ್ಕೆ ಸೇರುವುದರಿಂದ ಇಲ್ಲಿ ಆ ಹೊಣೆ ಸಾಗರದ ಉಪವಿಭಾಗಾಧಿಕಾರಿಯದಾಗುತ್ತದೆ. ಆದರೆ ನಿಯಮವು ಸ್ಥಳೀಯ ಗುಂಪನ್ನು ಕಲ್ಪಿಸಿಕೊಂಡಿರುವುದು ಕೈಗಾರಿಕಾ ವಲಯದ ಸುತ್ತ. ಅದರಲ್ಲಿ ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ಆರೋಗ್ಯಾಧಿಕಾರಿ, ಸಾಗಣೆದಾರರು, ಊರಿನ ಮುಖಂಡರು ಇದ್ದಾರೆ. ಕೆರೆಯ ತೂಬಿನ ಉಸ್ತುವಾರಿ ಹೊತ್ತ ನೀರುಗಂಟಿಗೆ ಪ್ರತ್ಯೇಕ ಸ್ಥಾನವಿಲ್ಲ. ಕೃಷಿ ತಾಲೂಕುಗಳಿಗೆ ಹೊಂದದ ಭಾಗ ಇದೇ.

ಸಾಗಣೆಯ ಮಟ್ಟಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪಷ್ಟವಾಗಿವೆ. 129ರಿಂದ 137ರವರೆಗಿನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ವಾಹನದ ಮೇಲೆ ರಾಸಾಯನಿಕದ ಹೆಸರು, ನಾಲ್ಕಂಕಿಯ ಯುಎನ್ ಸಂಖ್ಯೆ, ವರ್ಗದ ಗುರುತು ಮತ್ತು ತುರ್ತು ದೂರವಾಣಿ ಸಂಖ್ಯೆ ಇರುವ ಫಲಕ ಇರಬೇಕು. ಚಾಲಕನ ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್, ಅಂದರೆ ಸಾಗಣೆಯ ತುರ್ತು ಮಾಹಿತಿ ಪತ್ರ, ಇರಬೇಕು. ಅಪಘಾತವಾದರೆ ಚಾಲಕ ತಕ್ಷಣ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಸಂಕ್ಷಾರಕ ವಸ್ತುಗಳದು 8ನೇ ವರ್ಗ. ಅದರ ಗುರುತು ವಜ್ರಾಕಾರದ್ದು. ಬಿಳಿಯ ಮೇಲ್ಭಾಗದಲ್ಲಿ ಎರಡು ಕೊಳವೆಗಳಿಂದ ಹನಿ ಬಿದ್ದು ಒಂದು ಕೈ ಮತ್ತು ಒಂದು ಲೋಹದ ತುಂಡು ಕರಗುತ್ತಿರುವ ಚಿತ್ರವಿದೆ, ಕೆಳಭಾಗ ಕಪ್ಪು. ಓದು ಬಾರದವರಿಗೂ ಅರ್ಥವಾಗುವ ಚಿತ್ರ ಇದು. ಗಂಧಕಾಮ್ಲಕ್ಕೆ 1830, ಹೈಡ್ರೋಕ್ಲೋರಿಕ್ ಆಮ್ಲಕ್ಕೆ 1789, ಕಾಸ್ಟಿಕ್ ಸೋಡಾ ದ್ರಾವಣಕ್ಕೆ 1824, ನೈಟ್ರಿಕ್ ಆಮ್ಲಕ್ಕೆ 2031: ಈ ನಾಲ್ಕು ಸಂಖ್ಯೆಗಳನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲು ಹೆಚ್ಚು ಖರ್ಚಿಲ್ಲ.

3. ಕೆರೆ ಸರಣಿ: ಸೋರಿಕೆಯ ಸಹಜ ಮಾರ್ಗ

ಶಿಕಾರಿಪುರ ತಾಲೂಕಿನ ತಾಳಗುಂದದ ಕದಂಬ ಸ್ತಂಭ ಶಾಸನ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ದಾಖಲಿಸುತ್ತದೆ. ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ರಚಿಸಿದ ಶಾಸನವದು. ಕೆರೆ ಕಟ್ಟುವುದು ಈ ನೆಲದಲ್ಲಿ ಒಂದೂವರೆ ಸಾವಿರ ವರ್ಷಗಳ ರೂಢಿ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬೀಳುವಂತೆ ಮಾಡಿದ ವ್ಯವಸ್ಥೆ ಇದು. ಸೊರಬದ ಕಡೆ ದಂಡಾವತಿ ಹರಿದು ವರದೆಯನ್ನು ಸೇರುತ್ತದೆ. ಶಿಕಾರಿಪುರದ ಕಡೆ ಕುಮುದ್ವತಿ ಅಂಜನಾಪುರ ಜಲಾಶಯ ತುಂಬಿ ಮುಂದೆ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಸೊರಬ ತಾಲೂಕಿನಲ್ಲೇ ಗುಡವಿ ಪಕ್ಷಿಧಾಮವಿದೆ.

ಇತ್ತೀಚಿನ ಏತ ನೀರಾವರಿ ಯೋಜನೆಗಳು ಈ ಸಂಬಂಧವನ್ನು ಇನ್ನೂ ಹಬ್ಬಿಸಿವೆ. ಉಡುಗಣಿ–ತಾಳಗುಂದ–ಹೊಸೂರು ಯೋಜನೆ ತುಂಗಭದ್ರೆಯ ನೀರನ್ನು ಶಿಕಾರಿಪುರದ ಕೆರೆಗಳಿಗೆ ತರುವಂಥದು, ಮೂಡಿ ಯೋಜನೆ ವರದೆಯ ನೀರನ್ನು ಸೊರಬದ ಕೆರೆಗಳಿಗೆ ಎತ್ತುವಂಥದು. ರೈತರಿಗೆ ಇದು ದೊಡ್ಡ ಆಸರೆ. ಆದರೆ ನದಿಯ ಮೇಲ್ಭಾಗದಲ್ಲಿ ಏನಾದರೂ ಚೆಲ್ಲಿದರೆ ಪಂಪು ಅದನ್ನೂ ಎತ್ತುತ್ತದೆ. ಆದ್ದರಿಂದ ತುರ್ತು ಕರೆ ಹೋಗಬೇಕಾದವರಲ್ಲಿ ಪಂಪ್‌ಹೌಸಿನ ಆಪರೇಟರೂ ಒಬ್ಬರು.

ಈ ಸರಣಿಯಲ್ಲಿ ರಸ್ತೆಗಳು ಬಹಳ ಕಡೆ ಕೆರೆ ಏರಿಯ ಮೇಲೋ ಪಕ್ಕದಲ್ಲೋ ಹೋಗುತ್ತವೆ. ಅಲ್ಲಿ ವಾಹನ ಮಗುಚಿದರೆ ದ್ರವ ಮೊದಲು ಚರಂಡಿಗೆ, ಚರಂಡಿಯಿಂದ ಮೋರಿಗೆ, ಮೋರಿಯಿಂದ ಕೆರೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

4. ಲೆಕ್ಕ ಹೇಳುವ ಸತ್ಯ

ಶೇ. 98ರ ಗಂಧಕಾಮ್ಲ ನೀರಿಗಿಂತ 1.84 ಪಟ್ಟು ಭಾರ. ಒಂದು ಟನ್ ಆಮ್ಲ ಸುಮಾರು 543 ಲೀಟರ್, ಅಂದರೆ 200 ಲೀಟರಿನ ಮೂರು ಡ್ರಮ್ಮಿಗೂ ಕಡಿಮೆ. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ಕೆರೆಯಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ಈ ಒಂದು ಟನ್ ಆಮ್ಲ ಅಷ್ಟೂ ನೀರಿನಲ್ಲಿ ಬೆರೆತರೆ ಲೀಟರಿಗೆ 100 ಮಿ.ಗ್ರಾಂ ಕ್ಷಾರತೆಯನ್ನು ನುಂಗಿಹಾಕುತ್ತದೆ. ಮಳೆನೀರು ತುಂಬಿದ ಕೆರೆಯ ಕ್ಷಾರತೆ ಲೀಟರಿಗೆ 50 ಮಿ.ಗ್ರಾಂ ಎಂದಿಟ್ಟುಕೊಂಡರೆ ಅದೆಲ್ಲ ತೀರಿ ನೀರಿನ ಪಿಎಚ್ 3ರ ಆಸುಪಾಸಿಗೆ ಇಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 6.5ರಿಂದ 8.5. ಪಿಎಚ್ 4.5ಕ್ಕಿಂತ ಕೆಳಗೆ ಹೆಚ್ಚಿನ ಮೀನುಗಳು ಬದುಕುವುದಿಲ್ಲ. ಮೂರು ಡ್ರಮ್ಮಿಗೂ ಕಡಿಮೆ ಆಮ್ಲಕ್ಕೆ ಒಂದು ಊರಿನ ಕೆರೆಯನ್ನು ಕೊಲ್ಲುವ ಶಕ್ತಿಯಿದೆ.

ನೆಲ ಕಾಪಾಡುತ್ತದೆ ಎನ್ನುವ ಹಾಗೂ ಇಲ್ಲ. ಮಲೆನಾಡಿನ ಅಂಚಿನ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಸುಣ್ಣಾಂಶ ಕಡಿಮೆಯಿರುವ ಆಮ್ಲೀಯ ಮಣ್ಣು. ಚೆಲ್ಲಿದ ಆಮ್ಲವನ್ನು ಹೀರಿ ತಣಿಸುವ ಬದಲು ಅದು ತನ್ನೊಳಗಿನ ಅಲ್ಯೂಮಿನಿಯಮನ್ನು ಕರಗಿಸಿ ಬಿಡುತ್ತದೆ. ಆ ಅಲ್ಯೂಮಿನಿಯಂ ಭತ್ತದ ಬೇರಿಗೂ ಮೀನಿನ ಕಿವಿರಿಗೂ ವಿಷ.

ಇನ್ನು ತಟಸ್ಥೀಕರಣದ ಲೆಕ್ಕ. 98 ಕಿಲೋ ಶುದ್ಧ ಗಂಧಕಾಮ್ಲಕ್ಕೆ 74 ಕಿಲೋ ಅರಳಿದ ಸುಣ್ಣ ಬೇಕು. ಶೇ. 98ರ ಆಮ್ಲ ಹತ್ತು ಟನ್ ಚೆಲ್ಲಿದರೆ 7.4 ಟನ್, ಅಂದರೆ 50 ಕಿಲೋದ 148 ಚೀಲ. ಸುಣ್ಣ ಅಪ್ಪಟವಲ್ಲದಿದ್ದರೆ ಇನ್ನೂ ಹೆಚ್ಚು. ರಾತ್ರಿ ಹೊತ್ತಿನಲ್ಲಿ ಇಷ್ಟನ್ನು ಎಲ್ಲಿಂದ ತರುವುದು? ಆದ್ದರಿಂದ ಮೊದಲ ಕೆಲಸ ತಡೆಯುವುದು, ತಟಸ್ಥಗೊಳಿಸುವುದು ಆಮೇಲಿನದು.

5. ಮೊದಲ ಗಂಟೆ

ಜನರನ್ನು ಎಲ್ಲ ದಿಕ್ಕಿನಲ್ಲೂ ಕನಿಷ್ಠ 50 ಮೀಟರ್ ದೂರ ಸರಿಸಬೇಕು, ಗಾಳಿ ಬೀಸುವ ಕಡೆಯಿಂದಲೇ ಹತ್ತಿರ ಹೋಗಬೇಕು. 112ಕ್ಕೆ ಕರೆ ಮಾಡಿ ಫಲಕದ ಸಂಖ್ಯೆಯನ್ನು ಹೇಳಬೇಕು. ಸಂಖ್ಯೆ ಗೊತ್ತಾಗದೆ ಯಾವ ಪುಡಿಯನ್ನೂ ಸುರಿಯಬಾರದು. ಆಮ್ಲಕ್ಕೆ ಮದ್ದಾಗುವ ಸುಣ್ಣ ಕಾಸ್ಟಿಕ್ ಸೋಡಾಕ್ಕೆ ಮದ್ದಲ್ಲ.

ಮೈಮೇಲೆ ಬಿದ್ದವರ ಬಟ್ಟೆ ತೆಗೆದು ಕನಿಷ್ಠ 20 ನಿಮಿಷ ಧಾರಾಳ ನೀರು ಹರಿಸಬೇಕು. ಸುಣ್ಣ, ಬೆಣ್ಣೆ, ಟೂತ್‌ಪೇಸ್ಟು ಯಾವುದನ್ನೂ ಹಚ್ಚಬಾರದು. ಗಾಯಕ್ಕೆ ಎಷ್ಟು ನೀರಾದರೂ ಸರಿ. ಆದರೆ ನೆಲದ ಮೇಲೆ ನಿಂತ ಗಾಢ ಗಂಧಕಾಮ್ಲಕ್ಕೆ ನೀರು ಸುರಿದರೆ ಅದು ಕುದಿದು ಸಿಡಿಯುತ್ತದೆ, ಜೊತೆಗೆ ಹರಿದು ಕೆರೆಯ ಹಾದಿ ಹಿಡಿಯುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ಗೋದಾಮಿಗೆ ಬೆಂಕಿ ಬಿದ್ದಾಗ ಆದದ್ದು ಇದೇ. ಬೆಂಕಿ ನಂದಿಸಿದ ನೀರೇ ಕೀಟನಾಶಕಗಳನ್ನು ಹೊತ್ತು ರೈನ್ ನದಿಗೆ ಇಳಿಯಿತು, ನೂರಾರು ಕಿಲೋಮೀಟರ್‌ವರೆಗೆ ಹಾವುಮೀನುಗಳು ಸತ್ತವು.

ಚರಂಡಿಗೆ ಅಡ್ಡಲಾಗಿ ಒಣಮಣ್ಣು ಅಥವಾ ಮರಳಿನ ಒಡ್ಡು ಹಾಕಬೇಕು, ಮೋರಿಯ ಬಾಯಿಗೆ ಮರಳು ಚೀಲ ಒಟ್ಟಬೇಕು. ಮಳೆಯಿದ್ದರೆ ಅಡಿಕೆ ಒಣಗಿಸುವ ಮನೆಗಳ ಟಾರ್ಪಾಲು ಒದಗುತ್ತದೆ. ಇಲ್ಲಿ ಎರಡು ತಪ್ಪುಗಳಿಗೆ ಹೆಚ್ಚು ಅವಕಾಶವಿದೆ. ಕೈಗೆ ಸುಲಭವಾಗಿ ಸಿಗುವ ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ಮರದ ಪುಡಿಯನ್ನು ಹೀರಲೆಂದು ಸುರಿಯುವುದು ಮೊದಲನೆಯದು. ಗಾಢ ಗಂಧಕಾಮ್ಲ ಅವನ್ನು ಕರಿಕಾಗಿಸುತ್ತದೆ, ನೈಟ್ರಿಕ್ ಆಮ್ಲ ಬೆಂಕಿಯನ್ನೇ ಹೊತ್ತಿಸಬಹುದು. ಎರಡನೆಯದು ಇನ್ನೂ ಅಪಾಯದ್ದು: ಪಂಚಾಯಿತಿಯ ಕೋಣೆಯಲ್ಲಿ ಸುಣ್ಣದಂತೆಯೇ ಬೆಳ್ಳಗಿರುವ ಬ್ಲೀಚಿಂಗ್ ಪೌಡರನ್ನು ಆಮ್ಲದ ಮೇಲೆ ಚೆಲ್ಲುವುದು. ಅದರಿಂದ ಏಳುವ ಕ್ಲೋರಿನ್ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಂತವರ ಶ್ವಾಸಕೋಶವನ್ನು ಸುಡುತ್ತದೆ.

ಇದೇ ಹೊತ್ತಿಗೆ ಕೆರೆಯ ಕಡೆ ನೀರುಗಂಟಿ ತೂಬು ಮುಚ್ಚಬೇಕು, ಕೋಡಿ ಹರಿಯುತ್ತಿದ್ದರೆ ಕೆಳಗಿನ ಕೆರೆಯ ಊರಿಗೆ ಸುದ್ದಿ ಮುಟ್ಟಿಸಬೇಕು, ಕುಡಿಯುವ ನೀರಿನ ಮೋಟಾರು ನಿಲ್ಲಿಸಬೇಕು, ದನಗಳನ್ನು ತಡೆಯಬೇಕು. ಅಗ್ನಿಶಾಮಕ ವಾಹನ ಬರುವ ಮೊದಲೇ ಈ ಕೆಲಸ ಮಾಡಬಲ್ಲವರು ನೀರುಗಂಟಿ ಮತ್ತು ಊರಿನವರು ಮಾತ್ರ.

6. ಊರಿನಲ್ಲೇ ಇರುವ ತಿಳಿವಳಿಕೆ

ಆಮ್ಲ ಮತ್ತು ಸುಣ್ಣದ ನಂಟು ಇಲ್ಲಿನ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಅಲ್ಲಿಂದ ಮುಂದೆ ಬೋರ್ಡೋ ದ್ರಾವಣ ಮಲೆನಾಡಿನ ಮನೆಮಾತಾಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ಬೆಳೆಗಾರರಿಗೆ ಗೊತ್ತು. ದ್ರಾವಣ ಹದಕ್ಕೆ ಬಂತೇ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನೋ ಬ್ಲೇಡನ್ನೋ ಅದ್ದುತ್ತಾರೆ. ತಾಮ್ರದ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಬೆರೆಸುತ್ತಾರೆ. ಅಳತೆ, ಪರೀಕ್ಷೆ, ತಿದ್ದುಪಡಿ ಎಂಬ ಮೂರು ಹೆಜ್ಜೆಗಳೇ ಸೋರಿಕೆಯ ತಟಸ್ಥೀಕರಣದ ಹೆಜ್ಜೆಗಳೂ ಹೌದು. ಬ್ಲೇಡಿನ ಜಾಗದಲ್ಲಿ ಪಿಎಚ್ ಕಾಗದ ಬರುತ್ತದೆ ಅಷ್ಟೆ. ಈ ಅನುಭವ ಇರುವವರಿಗೆ ತರಬೇತಿ ಕೊಡುವುದು ಕಷ್ಟವಲ್ಲ.

ಕೆರೆಗೆ ಸೇರಿಬಿಟ್ಟ ಆಮ್ಲಕ್ಕೆ ಅರಳಿದ ಸುಣ್ಣಕ್ಕಿಂತ ಸುಣ್ಣಕಲ್ಲಿನ ಪುಡಿ ಮೇಲು. ಸುಣ್ಣ ಹೆಚ್ಚಾದರೆ ಪಿಎಚ್ ವಿಪರೀತ ಏರಿ ಮತ್ತೊಂದು ಅನಾಹುತವಾಗುತ್ತದೆ. ಸುಣ್ಣಕಲ್ಲಿನ ಪುಡಿ ಹೆಚ್ಚಾದರೂ ಪಿಎಚ್ 8.3ರ ಸುತ್ತ ನಿಲ್ಲುತ್ತದೆ. ಆಮ್ಲಮಳೆಯಿಂದ ಕೆಟ್ಟ ಸರೋವರಗಳನ್ನು ಸ್ವೀಡನ್ 1970ರ ದಶಕದಿಂದ ಉಳಿಸಿಕೊಂಡು ಬಂದದ್ದು ಈ ಪುಡಿಯಿಂದಲೇ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಹಂಗೇರಿಯದು. 2010ರ ಅಕ್ಟೋಬರ್ 4ರಂದು ಅಯ್ಕಾ ಅಲ್ಯೂಮಿನಾ ಕಾರ್ಖಾನೆಯ ಕಟ್ಟೆ ಒಡೆದು ತೀವ್ರ ಕ್ಷಾರದ ಕೆಂಪು ಕೆಸರು ಹಳ್ಳಿಗಳಿಗೆ ನುಗ್ಗಿ ಹತ್ತು ಜನ ಸತ್ತರು. ಅದು ಡ್ಯಾನ್ಯೂಬ್ ತಲುಪುವ ಮೊದಲು ಕ್ಷಾರ ತಗ್ಗಿಸಲು ಮಾರ್ಕಲ್ ನದಿಗೆ ಜಿಪ್ಸಂ ಸುರಿಯಲಾಯಿತು. ಎರಡು ಕಡೆಯೂ ಕೆಲಸಕ್ಕೆ ಬಂದದ್ದು ರೈತರು ಬಲ್ಲ ಸಾಮಗ್ರಿಯೇ.

7. ಉಪಸಂಹಾರ

ಈ ಅಧ್ಯಯನದಿಂದ ನಾಲ್ಕು ಶಿಫಾರಸುಗಳು ಹೊರಡುತ್ತವೆ. ಒಂದು, ಸಾಗರ ಉಪವಿಭಾಗದ ತುರ್ತು ಯೋಜನೆಯಲ್ಲಿ ರಸ್ತೆ ಮತ್ತು ಕೆರೆ ಸರಣಿ ಸಂಧಿಸುವ ಪ್ರತಿ ಮೋರಿಯನ್ನೂ ಗುರುತಿಸಬೇಕು. ಎರಡು, ನೀರುಗಂಟಿಗಳು ಮತ್ತು ಏತ ನೀರಾವರಿ ಆಪರೇಟರುಗಳ ಹೆಸರು, ಫೋನ್ ಸಂಖ್ಯೆ ಠಾಣೆ ಮತ್ತು ಅಗ್ನಿಶಾಮಕ ಠಾಣೆಯಲ್ಲಿರಬೇಕು, ಅಣಕು ಕಾರ್ಯಾಚರಣೆಯಲ್ಲಿ ಅವರಿಗೂ ಪಾಲಿರಬೇಕು. ಮೂರು, ಹೋಬಳಿಗೊಂದು ಕಡೆ ಸುಣ್ಣಕಲ್ಲಿನ ಪುಡಿ, ಮರಳು ಚೀಲ, ಪಿಎಚ್ ಕಾಗದ, ರಬ್ಬರ್ ಕೈಗವಸು, ಕನ್ನಡಕಗಳ ದಾಸ್ತಾನು ಇರಬೇಕು, ಅದು ಬ್ಲೀಚಿಂಗ್ ಪೌಡರಿನಿಂದ ದೂರವಿರಬೇಕು. ನಾಲ್ಕು, ಸೂಚನೆಗಳು ಕನ್ನಡದಲ್ಲಿರಬೇಕು.

ಇವುಗಳಿಗೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಉಪವಿಭಾಗಾಧಿಕಾರಿಯ ಒಂದು ಆದೇಶ ಮತ್ತು ಗ್ರಾಮ ಪಂಚಾಯಿತಿಗಳ ಮನಸ್ಸು ಸಾಕು. ಆಮ್ಲ ಚೆಲ್ಲಿದ ಮೇಲೆ ನೀರುಗಂಟಿಯ ಫೋನ್ ನಂಬರ್ ಹುಡುಕುವ ಸ್ಥಿತಿ ಬರಬಾರದು. ಮುಂದಿನ ಮಳೆಗಾಲಕ್ಕೆ ಮುನ್ನ ಈ ಪಟ್ಟಿ ಸಿದ್ಧವಾಗಬೇಕು.